ಉಡುಪಿಯಿಂದ ಕಾರ್ಕಳಕ್ಕೆ: ಸ್ವಾರ್ಥವೂ ಸಂತೆಯೂ

ಯಾತ್ರಿಕರಲ್ಲಿ ಬಹುಜನರು ಊರಿನ ದೇವರನ್ನು ಕಂಡು ಹಿಂದಿರುಗುವರು; ಊರಿನ ಪೇಟೆಯನ್ನು ಕಣ್ಣಿಟ್ಟು ನೋಡುವವರು ವಿರಳ. ಪೇಟೆಯೆಂದರೆ ಸಾಮಾನು ಕೊಳ್ಳುವ ಸ್ಥಳವೆಂದಷ್ಟೇ ತಿಳಿದು ಮುಂದೆ ಸಾಗುವುದು ರೂಢಿ. ಆದರೆ ಒಂದು ನಾಡಿನ ಜನರು ಒಬ್ಬರನ್ನೊಬ್ಬರು ಹೇಗೆ ನಡೆಯಿಸಿಕೊಳ್ಳುವರೆಂಬುದು ಅಲ್ಲಿಯ ತಕ್ಕಡಿ, ಅಳತೆ, ದರಗಳಲ್ಲಿ ತಿಳಿದುಬರುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ತಿಳಿಯದು. ಆದುದರಿಂದ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳೆಂಬ ನಾಲ್ಕು ಊರುಗಳ ದಾರಿಯನ್ನು ಈ ಸಲ ವ್ಯಾಪಾರದ ಕಣ್ಣಿನಿಂದ ನೋಡುವ. ವಾಚಕರು ನಮ್ಮೊಡನೆ ಬರಬೇಕು. ದಾರಿಯ ಬುತ್ತಿಯಾಗಿ ಒಂದು ಪ್ರಶ್ನೆಯನ್ನು ಕಟ್ಟಿಕೊಳ್ಳೋಣ. ‘ನನ್ನ ಹಿತವನ್ನು ನೋಡಿಕೊಳ್ಳುವುದೇ ನನ್ನ ಧರ್ಮ’ ಎಂದು ಎಲ್ಲರೂ ನಡೆದರೆ ಸಂತೆಯಲ್ಲಿ ನ್ಯಾಯವು ಉಳಿಯುವುದೇ?

ಪ್ರಶ್ನೆಯು ಹೊಸತಲ್ಲ. ಸ್ಕಾಟ್ಲೆಂಡಿನ ಪಂಡಿತನಾದ ಆಡಂ ಸ್ಮಿತ್ತನು 1776ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಮ್ಮ ಊಟಕ್ಕೆ ಬೇಕಾದುದನ್ನು ಅಂಗಡಿಯವನು ಒದಗಿಸುವುದು ದಯೆಯಿಂದಲ್ಲ, ತನ್ನ ಲಾಭಕ್ಕಾಗಿ ಎಂದು ತೋರಿಸಿಕೊಟ್ಟನು. ಅಷ್ಟನ್ನೇ ಹಿಡಿದುಕೊಂಡು, ಸ್ವಾರ್ಥವೊಂದೇ ಸಾಕೆಂದು ಆತನು ಹೇಳಿದನೆನ್ನುವವರುಂಟು. ಆದರೆ ಅದೇ ಮಹನೀಯನು 1759ರಲ್ಲಿ ನೀತಿಭಾವಗಳನ್ನು ಕುರಿತು ಇನ್ನೊಂದು ಗ್ರಂಥವನ್ನು ಬರೆದಿದ್ದನು; ಮನುಷ್ಯನು ತನ್ನ ನಡತೆಯನ್ನು ನಿಷ್ಪಕ್ಷಪಾತಿಯಾದ ಪ್ರೇಕ್ಷಕನೊಬ್ಬನ ಕಣ್ಣಿನಿಂದ ನೋಡಿಕೊಳ್ಳಬಲ್ಲನೆಂಬುದು ಅದರ ಸಾರ. ಒಂದೇ ಕಸುಬಿನ ವ್ಯಾಪಾರಿಗಳು ಕಲೆತರೆ ಬೆಲೆಯೇರಿಸುವ ಹಂಚಿಕೆ ಹೂಡುವರೆಂದು ಎಚ್ಚರಿಸಿದವನೂ ಆತನೇ. ಇಪ್ಪತ್ತನೆಯ ಶತಮಾನದಲ್ಲಿ, ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಐನ್ ರ‍್ಯಾಂಡ್ ಎಂಬ ಲೇಖಕಿಯು ಒಂದು ಹೆಜ್ಜೆ ಮುಂದೆ ಹೋಗಿ, 1964ರ ತನ್ನ ಪುಸ್ತಕದಲ್ಲಿ ಸ್ವಾರ್ಥವೇ ಸದ್ಗುಣವೆಂದು ಸಾರಿದಳು. ಆಕೆಗೆ ನ್ಯಾಯ ಸಲ್ಲಿಸಬೇಕಾದರೆ ಒಂದು ಮಾತನ್ನು ಸೇರಿಸಲೇಬೇಕು: ಬಲಾತ್ಕಾರ, ವಂಚನೆಗಳು ಸಲ್ಲವೆಂದೂ, ಬುದ್ಧಿವಂತನ ಸ್ವಾರ್ಥವು ಅವುಗಳನ್ನು ಬಯಸದೆಂದೂ ಆಕೆಯ ಮತ. ಈ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ದಾರಿಯಲ್ಲಿ ಪರೀಕ್ಷಿಸೋಣ.

ಉಡುಪಿಯ ರಥಬೀದಿಯಿಂದ ಹೊರಡುವುದು ಯುಕ್ತ. ಅನಂತೇಶ್ವರ, ಚಂದ್ರಮೌಳೀಶ್ವರ ದೇವಾಲಯಗಳು, ಶ್ರೀಕೃಷ್ಣಮಠ, ಸುತ್ತಲೂ ಅಷ್ಟಮಠಗಳು; ಅವುಗಳ ನಡುವೆ ತುಳಸಿಮಣಿ, ಗಂಧ, ಹಿತ್ತಾಳೆಯ ದೀಪ, ಹೂವು, ತಿಂಡಿಗಳ ಅಂಗಡಿಗಳ ಸಾಲು. ಈ ಬೀದಿಯ ಗಿರಾಕಿಗಳಲ್ಲಿ ದೊಡ್ಡದೊಂದು ಪಾಲು ದೂರದ ಯಾತ್ರಿಕರು. ಇಂದು ಬಂದವರು ಮತ್ತೆ ಬರುವುದು ಹತ್ತು ವರ್ಷಗಳ ಮೇಲೆಯೋ, ಬಾರದೆಯೇ ಇರುವರೋ, ಹೇಳಬಲ್ಲವರಿಲ್ಲ. ‘ಮೋಸ ಮಾಡಿದರೆ ಗಿರಾಕಿಯು ತಪ್ಪಿಹೋಗುವನು, ಆದುದರಿಂದ ಪ್ರಾಮಾಣಿಕತೆಯೇ ಲಾಭದಾಯಕ’ ಎಂಬ ವಾದವು ಊರಿನ ದಿನಸಿ ಅಂಗಡಿಗೆ ಚೆನ್ನಾಗಿ ಹೊಂದುವುದು, ಏಕೆಂದರೆ ಅಲ್ಲಿ ನಾಳೆಯೂ ಅದೇ ಮುಖಗಳು. ಆದರೆ ನಾಳೆ ಮುಖ ಕಾಣದ ಗಿರಾಕಿಗೆ ಸರಿಯಾದ ತೂಕ ಕೊಡಬೇಕೆಂಬುದಕ್ಕೆ ಈ ವಾದದಲ್ಲಿ ಆಧಾರವೆಲ್ಲಿ? ಯಾತ್ರಾಸ್ಥಳದ ಅಂಗಡಿಯವನು ಅಪರಿಚಿತನಿಗೂ ಸರಿಯಾದ ಸಾಮಾನನ್ನೇ ಕೊಟ್ಟನಾದರೆ, ಅವನು ಲಾಭದ ಲೆಕ್ಕಕ್ಕಿಂತ ಹೆಚ್ಚಿನದೊಂದನ್ನು ಇಟ್ಟುಕೊಂಡಿರುವನೆಂದೇ ಅರ್ಥ.

ಇದೇ ಬೀದಿಯಲ್ಲಿ ಕಲಿಯಬೇಕಾದ ಇನ್ನೊಂದು ಸಂಗತಿಯುಂಟು. ಕೃಷ್ಣಪೂಜೆಯ ಅಧಿಕಾರವು ಎಂಟು ಮಠಗಳಿಗೆ ಸರದಿಯಿಂದ ಬರುತ್ತದೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪರ್ಯಾಯವನ್ನು ಎರಡು ವರ್ಷಗಳಿಗೆ ವಿಸ್ತರಿಸಿದವರು ಹದಿನಾರನೆಯ ಶತಮಾನದ ವಾದಿರಾಜರು. ಒಮ್ಮೆ ಬಿಟ್ಟುಕೊಟ್ಟ ಮಠಕ್ಕೆ ಅಧಿಕಾರವು ತಿರುಗಿ ಬರಬೇಕಾದರೆ ಪೂರ್ತಿ ಸುತ್ತು ಮುಗಿಯಬೇಕು. ಎಂಟು ಪಾಲುದಾರರು ಒಂದೇ ಪೀಠವನ್ನು ಬಯಸುವಲ್ಲಿ ಜಗಳವನ್ನು ತಪ್ಪಿಸುವುದು ಒಬ್ಬೊಬ್ಬರ ಒಳ್ಳೆಯತನವೊಂದೇ ಅಲ್ಲ. ಎಲ್ಲರೂ ಒಪ್ಪಿದ, ಎಲ್ಲರಿಗೂ ಸಮನಾದ ಒಂದು ಅಳತೆ. ಇಲ್ಲಿ ಆ ಅಳತೆಯು ಕಾಲದ ಅಳತೆ.

ದಕ್ಷಿಣ ಕನ್ನಡದ ನೆಲವು ಬ್ಯಾಂಕುಗಳ ತೊಟ್ಟಿಲೆಂಬುದನ್ನು ವಾಚಕರು ಬಲ್ಲರು. ಉಡುಪಿಯಲ್ಲಿ 1906ರಲ್ಲಿ, ಸ್ವದೇಶಿ ಚಳವಳಿಯ ಕಾಲದಲ್ಲಿ, ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಊರಿನ ಗಣ್ಯರನ್ನು ಕೂಡಿಸಿಕೊಂಡು ಐದು ಸಾವಿರ ರೂಪಾಯಿಗಳ ಬಂಡವಾಳದಿಂದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ನನ್ನು ಸ್ಥಾಪಿಸಿದರು. ಮೊದಲ ದಿನದ ಜಮೆಯು 38 ರೂಪಾಯಿ, 13 ಆಣೆ, 2 ಪೈ. ಮುಂದೆ ಇದು ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾಗಿ, 1980ರಲ್ಲಿ ರಾಷ್ಟ್ರೀಕೃತವಾಗಿ, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಕೃಷ್ಣಮಠದ ಊರಿನಲ್ಲಿ ಮುಸಲ್ಮಾನ ವರ್ತಕರೊಬ್ಬರ ಮುಂದಾಳುತನವನ್ನು ನಂಬಿ ಜನರು ತಮ್ಮ ಪೈಗಳನ್ನು ಇಟ್ಟರು. ಹಣವಿಡುವವನಿಗೆ ಬಡ್ಡಿಯ ಆಸೆ, ಸಾಲ ಪಡೆಯುವವನಿಗೆ ಬಂಡವಾಳದ ಆಸೆ, ಬ್ಯಾಂಕಿಗೆ ಲಾಭದ ಆಸೆ: ಮೂವರದೂ ಸ್ವಾರ್ಥವೇ. ಆದರೂ ಮೂವರಿಗೂ ಹಿತವಾಯಿತು. ಸ್ವಾರ್ಥವನ್ನು ಬರಿದೆ ಹಳಿಯುವವರು ಇದನ್ನು ಮರೆಯಬಾರದು.

ಉಡುಪಿಯಿಂದ ಮೂಡಲಿಗೆ ನಾಲ್ಕೈದು ಕಿಲೋಮೀಟರು ಏರಿದರೆ ಮಣಿಪಾಲ. ಒಂದಾನೊಂದು ಕಾಲದ ಬೋಳುಗುಡ್ಡವು ಇಂದು ವಿದ್ಯಾರ್ಥಿಗಳ ಪಟ್ಟಣ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಈ ಮೂವರು ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. ಕೈಮಗ್ಗದ ಕಸುಬು ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ನೆರವಾಗುವುದು ಮೊದಲ ಉದ್ದೇಶ. ಮಣಿಪಾಲವನ್ನು ಕೇಂದ್ರ ಮಾಡಿಕೊಂಡು ಬೆಳೆದ ಈ ಸಂಸ್ಥೆಯು 1964ರಲ್ಲಿ ಸಿಂಡಿಕೇಟ್ ಬ್ಯಾಂಕೆಂಬ ಹೆಸರು ತಾಳಿ, 1969ರಲ್ಲಿ ರಾಷ್ಟ್ರೀಕೃತವಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಕೂಡಿಹೋಯಿತು.

ಈ ಬ್ಯಾಂಕು 1928ರಲ್ಲಿ ಹೂಡಿದ ಪಿಗ್ಮಿ ಠೇವಣಿಯು ಗೃಹಸ್ಥರ ಮನೆಮಾತಾಯಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವನ ಬಾಗಿಲಿಗೆ ಏಜೆಂಟನು ತಾನೇ ಬಂದು ಹಣವನ್ನು ತೆಗೆದುಕೊಂಡು ಬರೆದುಕೊಡುವನು. ಮೀನು ಮಾರುವವಳಿಗೂ ಬೀಡಿ ಕಟ್ಟುವವಳಿಗೂ ಬ್ಯಾಂಕಿನ ಮೆಟ್ಟಿಲೇರುವ ಸಂಕೋಚವಿಲ್ಲದೆ ಉಳಿತಾಯವು ಸಾಧ್ಯವಾಯಿತು. ಏಜೆಂಟನಿಗೆ ದೊರೆಯುವುದು ಕಮಿಷನ್. ಹೆಚ್ಚು ಮನೆ ಸುತ್ತಿದಷ್ಟೂ ಹೆಚ್ಚು ಸಂಪಾದನೆ. ಸ್ವಾರ್ಥಗಳನ್ನು ಒಂದಕ್ಕೊಂದು ಹೊಂದಿಸಿ ಹೆಣೆಯುವುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆಯು ದೊರೆಯುವುದು ಕಷ್ಟ.

ಆದರೆ ಹೆಣಿಗೆಯ ಒಂದು ಎಳೆ ಸಡಿಲವಾಗಿತ್ತು. ಬಿಸಿಲು ಮಳೆಯೆನ್ನದೆ ತಿರುಗಿದ ಏಜೆಂಟನು ಬ್ಯಾಂಕಿನ ನೌಕರನೋ, ಅಲ್ಲವೋ? ಅವನು ಸ್ವತಂತ್ರ ಕಮಿಷನ್‌ದಾರನು, ಒಪ್ಪಿ ಮಾಡಿದ ಕರಾರು ಇದೆ ಎಂದು ಬ್ಯಾಂಕುಗಳ ವಾದ. ದುಡಿಯುವವನೆಂಬ ರಕ್ಷಣೆಯು ತಮಗೂ ಬೇಕೆಂದು ಏಜೆಂಟರ ವಾದ. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2001ರಲ್ಲಿ ಇವರು ಕೈಗಾರಿಕಾ ವಿವಾದಗಳ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು ತೀರ್ಪಾಯಿತು. ಖಾಯಂ ನೌಕರರ ಸಮಾನತೆಯು ದೊರೆಯದಿದ್ದರೂ, ಕೆಳಗಿಳಿಯಬಾರದಂತಹ ಒಂದು ಪ್ರತಿಫಲವೂ ಗ್ರಾಚ್ಯುಟಿಯೂ ಸ್ಥಿರವಾದುವು. ಇಬ್ಬರು ಒಪ್ಪಿ ಮಾಡಿದ ಕರಾರೆಲ್ಲವೂ ನ್ಯಾಯವೇ ಎನ್ನಲಾಗದು. ಒಬ್ಬನಿಗೆ ‘ಬೇಡ’ ಎನ್ನುವ ಶಕ್ತಿಯಿದ್ದು ಇನ್ನೊಬ್ಬನಿಗೆ ಹೊಟ್ಟೆಪಾಡಿನ ನಿರ್ಬಂಧವಿದ್ದಲ್ಲಿ, ಒಪ್ಪಿಗೆಯ ತೂಕವೇ ಬೇರೆಯಾಗುವುದು.

ಮಣಿಪಾಲದ್ದೇ ಇನ್ನೊಂದು ಪ್ರಕರಣವಿದೆ. ಡಾಕ್ಟರ್ ಪೈ ಅವರು 1953ರಲ್ಲಿ ಇಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಸರಕಾರದ ಹಣವನ್ನು ಕಾಯದೆ ವಿದ್ಯಾರ್ಥಿಗಳ ಹಣದಿಂದಲೇ ವೈದ್ಯವಿದ್ಯೆಯನ್ನು ನಡೆಯಿಸಬಹುದೆಂಬುದು ಆಗ ಸಾಹಸದ ಮಾತು. ಕ್ರಮೇಣ ನಾಡಿನಾದ್ಯಂತ ಇಂತಹ ಕಾಲೇಜುಗಳು ಎದ್ದು, ಸೀಟಿಗೆ ಬೆಲೆ ಕಟ್ಟುವ ರೂಢಿಯು ಬೆಳೆಯಲು, ಕರ್ನಾಟಕವು 1984ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ತಂದಿತು. ಟಿ. ಎಂ. ಎ. ಪೈ ಪ್ರತಿಷ್ಠಾನದ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠವು 2002ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು: ಸಂಸ್ಥೆಯ ಬೆಳವಣಿಗೆಗಾಗಿ ಯುಕ್ತವಾದ ಮಿಗತೆಯನ್ನು ಪಡೆಯಬಹುದು, ಕ್ಯಾಪಿಟೇಷನ್ ಶುಲ್ಕವೂ ಲಾಭಕೋರತನವೂ ಕೂಡದು. ಮಿಗತೆಗೂ ಲಾಭಕೋರತನಕ್ಕೂ ನಡುವಿನ ಗೆರೆಯನ್ನು ಎಳೆಯುವುದು ಕಷ್ಟವೆಂಬುದು ನಿಜ. ಕಷ್ಟವೆಂದು ಗೆರೆಯನ್ನೇ ಅಳಿಸಿದರೆ ಬಡವನ ಮಗನು ವೈದ್ಯನಾಗುವುದು ಕನಸಾದೀತು.

ಗುಡ್ಡವಿಳಿದು, ಉಡುಪಿಯನ್ನು ಹಿಂದೆ ಬಿಟ್ಟು, ತೆಂಕಣ ದಾರಿ ಹಿಡಿದರೆ ಕಟಪಾಡಿ ಸಿಕ್ಕುವುದು. ಇಲ್ಲಿಂದ ಪಡುವಲಿಗೆ ಕಡಲ ತಡಿಯಲ್ಲಿ ಮಟ್ಟು, ಮೂಡಲಿಗೆ ಶಂಕರಪುರ. ಮೊದಲಿನದು ಗುಳ್ಳದ ಊರು, ಎರಡನೆಯದು ಮಲ್ಲಿಗೆಯದು.

ಮಟ್ಟುಗುಳ್ಳವು ಮುಳ್ಳುತೊಟ್ಟಿನ, ತಿಳಿಹಸುರಿನ, ದುಂಡನೆಯ ಬದನೆ. ವಾದಿರಾಜರು ಇದರ ಬೀಜವನ್ನು ಮಟ್ಟುವಿನವರಿಗೆ ಕೊಟ್ಟರೆಂದು ಪ್ರತೀತಿ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಹೆಸರಿಗೆ ಬೆಲೆ ಬಂದೊಡನೆ, ಇದನ್ನು ಹೋಲುವ ಬೇರೆ ಬದನೆಗಳನ್ನು ಮಟ್ಟುಗುಳ್ಳವೆಂದು ಮಾರುವುದೂ ಬಂದಿತು. ಬೆಳೆಗಾರರ ಸಂಘವು ಕಾಯಿಗಳನ್ನು ವಿಂಗಡಿಸಿ ಗುರುತಿನ ಚೀಟಿ ಅಂಟಿಸುವ ಪದ್ಧತಿಯನ್ನು ಕೈಗೊಂಡಿತು. ಇಲ್ಲಿ ಪರೀಕ್ಷಿಸಬೇಕಾದುದೊಂದಿದೆ. ನಕಲಿ ಮಾರಿದವನು ಮಾಡಿದುದು ತನ್ನ ಹಿತವನ್ನು ನೋಡಿಕೊಳ್ಳುವುದನ್ನೇ. ಚೀಟಿ ಅಂಟಿಸಿದವರೂ ನೋಡಿದುದು ತಮ್ಮ ಹಿತವನ್ನೇ. ಇಬ್ಬರ ಪ್ರೇರಣೆಯೂ ಒಂದೇ ಆಗಿದ್ದು, ಒಬ್ಬನದು ಅನ್ಯಾಯ, ಇನ್ನೊಬ್ಬರದು ನ್ಯಾಯ. ಹಾಗಾದರೆ ನ್ಯಾಯಾನ್ಯಾಯಗಳನ್ನು ಬೇರ್ಪಡಿಸುವುದು ಪ್ರೇರಣೆಯಲ್ಲ. ಕೊಳ್ಳುವವನಿಗೆ ಸತ್ಯವನ್ನು ತಿಳಿಸಿದರೋ ಮರೆಸಿದರೋ ಎಂಬುದು.

ಶಂಕರಪುರದ ಸುತ್ತಿನಲ್ಲಿ ಮಲ್ಲಿಗೆಯು ದೊಡ್ಡ ತೋಟಗಳ ಬೆಳೆಯಲ್ಲ. ಮನೆಯಂಗಳದ ಕೆಲವೇ ಗಿಡಗಳಿಂದ ಸಂಸಾರ ಸಾಗಿಸಿದ, ಮಕ್ಕಳನ್ನು ಓದಿಸಿದ ಕುಟುಂಬಗಳು ಇಲ್ಲುಂಟು. ಹಿಂದುಗಳೂ ಕ್ರೈಸ್ತರೂ ಮುಸಲ್ಮಾನರೂ ಇದನ್ನು ಬೆಳೆಯುವರು. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಹೊತ್ತೇರುವ ಮೊದಲು ಕಟ್ಟೆಗೆ ಮುಟ್ಟಿಸಬೇಕು. ಇದರ ಅಳತೆಯು ವಿಚಿತ್ರವಾದುದು: 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇಂದಿನ ದರ ಎಷ್ಟೆಂಬುದು ಹೂವಿನ ಬರವು, ಮದುವೆ ಹಬ್ಬಗಳ ಬೇಡಿಕೆ ಇವುಗಳನ್ನು ನೋಡಿ ದಿನದಿನವೂ ಶಂಕರಪುರದಲ್ಲಿ ನಿಶ್ಚಯವಾಗುವುದು.

ಅಟ್ಟೆಯಲ್ಲಿ 3,200 ಮೊಗ್ಗುಗಳು. ಕೊಂಡವರಲ್ಲಿ ಎಣಿಸಿ ನೋಡುವವರು ಯಾರು? ಚೆಂಡಿಗೆ ಹತ್ತರಂತೆ ಕಡಿಮೆ ಮಾಡಿದರೆ ಅಟ್ಟೆಗೆ ನಲವತ್ತು ಮೊಗ್ಗು ಉಳಿಯುವುದು. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಹೆಸರು ಕೆಟ್ಟೀತೆಂಬ ಭಯವು ಕಳವು ಗೊತ್ತಾಗುವೆಡೆಯಲ್ಲಿ ಮಾತ್ರ ಕೆಲಸ ಮಾಡುವುದು. ಗೊತ್ತಾಗದ ಕಡೆಯಲ್ಲಿ? ಇದಕ್ಕೆ ರ‍್ಯಾಂಡ್ ಪಂಥದವರ ಉತ್ತರವು, ವಂಚಕನು ಇತರರ ಮೌಢ್ಯಕ್ಕೆ ತನ್ನನ್ನು ಅಡವಿಟ್ಟುಕೊಳ್ಳುವನು, ಆದುದರಿಂದ ಅದು ಅವನಿಗೇ ಹಾನಿ ಎಂಬುದು. ಸುಂದರವಾದ ಉತ್ತರವೇ ಸರಿ. ಆದರೆ ಯಾರೂ ಕಾಣದಾಗಲೂ ಪ್ರಾಮಾಣಿಕನಾಗಿರುವುದೇ ತನ್ನ ಹಿತವೆಂದು ಒಪ್ಪಿದ ಮೇಲೆ, ‘ಸ್ವಹಿತ’ವೆಂಬ ಪದವು ಲಾಭದ ಅರ್ಥವನ್ನು ಬಿಟ್ಟು ಶೀಲದ ಅರ್ಥವನ್ನು ಹೊಕ್ಕಿತು. ನಮ್ಮ ಹಿರಿಯರು ಅದನ್ನೇ ಧರ್ಮವೆಂದರು. ಹೆಸರಿಗಾಗಿ ಜಗಳವಾಡುವುದು ಬೇಡ. ಧರ್ಮವು ಹಿಂಬಾಗಿಲಿನಿಂದ ಒಳಗೆ ಬಂದುದನ್ನು ಗಮನಿಸಿದರೆ ಸಾಕು.

ಮಲ್ಲಿಗೆಯ ವ್ಯಾಪಾರದಲ್ಲಿ ಬೆಳೆಗಾರನ ದೌರ್ಬಲ್ಯವೂ ಇದೆ. ಅರಳುವ ಹೂವನ್ನು ‘ಈ ದರ ಬೇಡ’ವೆಂದು ಮನೆಗೆ ಕೊಂಡೊಯ್ದು ನಾಳೆ ಮಾರಲಾಗದು. ಅಕ್ಕಿಯ ವರ್ತಕನು ಕಾಯಬಲ್ಲನು, ಹೂವಿನವಳು ಕಾಯಲಾರಳು. ಆ ದಿನದ ದರವು ಒಂದೇ ಆಗಿದ್ದು ಎಲ್ಲರ ಕಿವಿಗೂ ಬೀಳುವುದರಿಂದಲೇ, ಅಕ್ಷರವರಿಯದ ಮುದುಕಿಯೊಬ್ಬಳನ್ನು ಮೂಲೆಗೆ ಕರೆದು ಅರ್ಧ ಬೆಲೆ ಕೊಡುವುದು ಸುಲಭವಲ್ಲ. ಬಹಿರಂಗವಾದ ದರವು ಬಲಹೀನನ ಬಲ. ದರ ಕಟ್ಟುವವರಿಗೂ ತಮ್ಮ ಹಿತವಿದ್ದೇ ಇರುವುದಾದಕಾರಣ, ಅದು ಬಹಿರಂಗವಾಗಿಯೇ ಉಳಿಯುವಂತೆ ಎಲ್ಲರೂ ನೋಡಿಕೊಳ್ಳಬೇಕು.

ಹೆದ್ದಾರಿಗೆ ಮರಳಿ ತೆಂಕಕ್ಕೆ ಸಾಗಿದರೆ ಕಾಪು. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವು ಸುಮಾರು 27 ಮೀಟರು ಎತ್ತರವಿದೆ. ಸಂಜೆಯ ಹೊತ್ತು ಇಲ್ಲಿ ನಿಂತವನಿಗೆ ಮೂರು ಕಡೆಯೂ ನೀರು, ಒಂದು ಕಡೆ ತೆಂಗಿನ ತೋಪು. ಅರ್ಥಶಾಸ್ತ್ರಜ್ಞರಿಗೆ ದೀಪಸ್ತಂಭವು ಬಹುಕಾಲದ ಚರ್ಚೆಯ ವಸ್ತು. ಬೆಳಕನ್ನು ಹಣ ಕೊಟ್ಟವನಿಗೆ ತೋರಿಸಿ ಕೊಡದವನಿಗೆ ಮರೆಮಾಡಲಾಗದು. ಆದುದರಿಂದ ಲಾಭಕ್ಕಾಗಿ ದೀಪಸ್ತಂಭವನ್ನು ಕಟ್ಟುವವರಿಲ್ಲವೆಂದು ಜಾನ್ ಸ್ಟುವರ್ಟ್ ಮಿಲ್ಲನು 1848ರಲ್ಲಿ ವಾದಿಸಿದನು. ಇಂಗ್ಲೆಂಡಿನಲ್ಲಿ ಖಾಸಗಿಯವರೂ ಇಂತಹ ದೀಪಗಳನ್ನು ಕಟ್ಟಿ ನಡೆಯಿಸಿದ್ದರೆಂದು ರೊನಾಲ್ಡ್ ಕೋಸನು 1974ರಲ್ಲಿ ತೋರಿಸಿದನು. ಆದರೆ ಅವರಿಗೂ ರಾಜನ ಅಪ್ಪಣೆ ಬೇಕಿತ್ತು. ಶುಲ್ಕವನ್ನು ಬಂದರುಗಳಲ್ಲಿ ವಸೂಲು ಮಾಡಬೇಕಿತ್ತು. ನಮ್ಮ ದೇಶದಲ್ಲಿಯೂ 1927ರ ಕಾಯಿದೆಯಿಂದ ಮೊದಲ್ಗೊಂಡು ಇಂದಿನವರೆಗೆ, ಬಂದರಿಗೆ ಬರುವ ಹಡಗುಗಳಿಂದ ದೀಪಶುಲ್ಕವನ್ನು ಪಡೆಯುವ ಏರ್ಪಾಡಿದೆ. ಒಬ್ಬೊಬ್ಬರ ಲಾಭಬುದ್ಧಿಯು ಹಡಗನ್ನು ನಡೆಯಿಸಬಲ್ಲುದು. ಅದಕ್ಕೆ ದಾರಿ ತೋರುವ ಬೆಳಕನ್ನು ಎಲ್ಲರೂ ಕೂಡಿಯೇ ಉರಿಸಬೇಕು.

ಸ್ತಂಭದ ಕೆಳಗಿನ ಕಡಲೂ ಅದನ್ನೇ ಹೇಳುತ್ತದೆ. ಹಿಂದೆ ಈ ಕರಾವಳಿಯಲ್ಲಿ ಮೊಗವೀರರು ಹತ್ತಾರು ಜನ ಕೂಡಿ ರಂಪಣಿ ಬಲೆಯನ್ನು ದಡಕ್ಕೆ ಎಳೆದು, ಬಂದ ಮೀನನ್ನು ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದು, ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಬಲೆಗೆ ಬೀಳತೊಡಗಿತು. ರಂಪಣಿಯವರ ಪ್ರತಿಭಟನೆ ಎದ್ದಿತು. ಕ್ರಮೇಣ ರಂಪಣಿಯೇ ಅಪರೂಪವಾಯಿತು. ತಾನು ಬಿಟ್ಟರೆ ಇನ್ನೊಬ್ಬನು ಹಿಡಿಯುವನೆಂದು ಪ್ರತಿಯೊಬ್ಬನೂ ಬಗೆದರೆ ಮರಿಯೂ ಉಳಿಯದು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯಬಾರದೆಂಬ ನಿಷೇಧವು ಎಲ್ಲರಿಗೂ ಸಮನಾಗಿದ್ದಾಗಲೇ ಒಬ್ಬೊಬ್ಬನಿಗೂ ಸಹ್ಯ.

ಕಾಪುವಿನಲ್ಲಿ ಮೂರು ಮಾರಿಗುಡಿಗಳಿವೆ. ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಸಲ ಮಾರಿಪೂಜೆ. ಸುಗ್ಗಿಯ ಮಾರಿಪೂಜೆಯ ಜಾತ್ರೆಗೆ ಸುತ್ತಲಿನ ಸೀಮೆಯಿಂದ ಜನರೂ ಅಂಗಡಿಗಳೂ ನೆರೆಯುವುದು ಹಳೆಯ ವಾಡಿಕೆ. 2022ರ ಮಾರ್ಚಿಯಲ್ಲಿ ಈ ಜಾತ್ರೆಯ ಅಂಗಡಿಗಳ ಸ್ಥಳವನ್ನು ಮುಸಲ್ಮಾನ ವ್ಯಾಪಾರಿಗಳಿಗೆ ಕೊಡಲಿಲ್ಲ. ಕರಾವಳಿಯ ಬೇರೆ ಕೆಲವು ಜಾತ್ರೆಗಳಲ್ಲಿಯೂ ಅದೇ ನಡೆಯಿತು. ದೇವಾಲಯದ ಹತ್ತಿರದ ಸ್ಥಳವನ್ನು ಅನ್ಯಮತೀಯರಿಗೆ ಗುತ್ತಿಗೆ ಕೊಡಬಾರದೆಂಬ 2002ರ ನಿಯಮವನ್ನು ಅಂದಿನ ಸರಕಾರವು ಶಾಸನಸಭೆಯಲ್ಲಿ ಎತ್ತಿ ಹೇಳಿತು. ತಲೆಮಾರುಗಳಿಂದ ಜಾತ್ರೆಗೆ ಬರುತ್ತಿದ್ದ ತಮ್ಮ ಗತಿಯೇನೆಂದು ಬೀದಿ ವ್ಯಾಪಾರಿಗಳು ಕೇಳಿದರು. ಗುಡಿಯ ಜಾಗದ ಮೇಲೆ ಗುಡಿಯವರಿಗೆ ಅಧಿಕಾರವುಂಟೆಂಬ ವಾದವನ್ನು ಹಗುರಾಗಿ ಕಾಣಲಾಗದು. ಆದರೆ ಸಂತೆಯ ನ್ಯಾಯವನ್ನು ವಿಚಾರಿಸುವವನು ಇಷ್ಟನ್ನು ಹೇಳದೆ ತೀರದು: ಬಳೆ ಒಡಕಲಾದರೆ, ಹಣ್ಣು ಕೊಳೆತಿದ್ದರೆ, ಬೆಲೆ ಹೆಚ್ಚಾದರೆ ಗಿರಾಕಿಯು ಅಂಗಡಿಯನ್ನು ಬಿಡಲಿ, ಮಾರುವವನ ಹುಟ್ಟನ್ನು ನೋಡಿ ಬಾಗಿಲು ಮುಚ್ಚಿದರೆ ಅದು ಸರಕಿನ ಪರೀಕ್ಷೆಯಲ್ಲ. ಪ್ರತಿಸ್ಪರ್ಧಿಯಿಲ್ಲದ ಸಾಲು ಉಳಿದವರಿಗೆ ಲಾಭಕರವಾಗಿರಬಹುದು. ಆ ಲಾಭವು ಒಳ್ಳೆಯ ಸಾಮಾನಿನಿಂದ ಬಂದುದಲ್ಲ. ಇನ್ನೊಬ್ಬನ ಒಂದು ವರ್ಷದ ದುಡಿಮೆಯನ್ನು ಕಳೆದು ಬಂದುದು. 1906ರಲ್ಲಿ ಉಡುಪಿಯ ಜನರು ಪೈಗಳನ್ನು ಇಟ್ಟಾಗ ಕೈಯ ಶುದ್ಧಿಯನ್ನು ನೋಡಿದರೇ ಹೊರತು ಜಾತಿಯನ್ನಲ್ಲವೆಂಬುದು ಇಲ್ಲಿ ನೆನಪಿಗೆ ಬರಬೇಕು.

ಕಾಪುವಿನಿಂದ ಶಿರ್ವ, ಬೆಳ್ಮಣ್ಣುಗಳ ಮೇಲೆ ಮೂಡಣಕ್ಕೆ ನಡೆದರೆ, ಮುರಕಲ್ಲಿನ ಗುಡ್ಡಗಳೂ ಅಡಕೆಯ ತೋಟಗಳೂ ಸರಿದು, ಕೊನೆಗೆ ಕಾರ್ಕಳದ ಕರಿಬಂಡೆಯ ಬೆಟ್ಟ ಕಾಣಿಸುವುದು. ಬೆಟ್ಟದ ಮೇಲೆ 1432ರಲ್ಲಿ ಭೈರರಸ ವಂಶದ ವೀರಪಾಂಡ್ಯನು ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಗೊಮ್ಮಟ. ಎದುರಿಗೆ 1586ರಲ್ಲಿ ಇಮ್ಮಡಿ ಭೈರವನು ಕಟ್ಟಿಸಿದ ಚತುರ್ಮುಖ ಬಸದಿ. ಅಣ್ಣನನ್ನು ಗೆದ್ದೂ ರಾಜ್ಯವನ್ನು ಬಿಟ್ಟವನ ವಿಗ್ರಹವನ್ನು ರಾಜನೇ ನಿಲ್ಲಿಸಿದನು. ವರ್ತಕರು ಅದಕ್ಕೆ ಕೈಮುಗಿದರು.

ವ್ಯಾಪಾರ ಮಾಡುವ ಶ್ರಾವಕನಿಗೆ ಜೈನಧರ್ಮವು ಸಂನ್ಯಾಸವನ್ನು ಕಡ್ಡಾಯ ಮಾಡಲಿಲ್ಲ, ಅಣುವ್ರತಗಳನ್ನು ವಿಧಿಸಿತು. ಕದಿಯದಿರುವ ವ್ರತವನ್ನು ವಿವರಿಸುವಾಗ ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಕನ್ನ ಕೊರೆಯುವುದರ ಮಾತಿಗೆ ನಿಲ್ಲಲಿಲ್ಲ: ಕಳವಿಗೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ಕೊಡುವಾಗ ಒಂದು ಅಳತೆ, ತೆಗೆದುಕೊಳ್ಳುವಾಗ ಒಂದು ಅಳತೆ ಇಟ್ಟುಕೊಳ್ಳುವುದು, ನಕಲಿಯನ್ನು ಅಸಲೆಂದು ಬೆರೆಸಿ ಮಾರುವುದು ಇವೂ ವ್ರತಭಂಗವೇ ಎಂದು ಎಣಿಸಿತು. ಮಟ್ಟುವಿನ ನಕಲಿ ಗುಳ್ಳವೂ, ಶಂಕರಪುರದ ಹತ್ತು ಮೊಗ್ಗೂ ಈ ಪಟ್ಟಿಯೊಳಗೆ ಸೇರಿಯೇ ಇವೆ. ಇನ್ನೊಂದು ವ್ರತದ ಪ್ರಕಾರ ಗೃಹಸ್ಥನು ತನ್ನ ಆಸ್ತಿಗೆ ತಾನೇ ಒಂದು ಮಿತಿಯನ್ನು ಹಾಕಿಕೊಳ್ಳಬೇಕು. ವ್ಯಾಪಾರ ಮಾಡು, ಲಾಭ ಪಡೆ. ಲಾಭವನ್ನೇ ಅಳತೆಗೋಲಾಗಿ ಮಾಡಿಕೊಳ್ಳಬೇಡವೆಂದು ಇದರ ತಾತ್ಪರ್ಯ.

ನಮ್ಮ ಪ್ರಶ್ನೆಗೆ ದಾರಿಯೇ ಉತ್ತರ ಕೊಟ್ಟಂತಾಯಿತು. ಸ್ವಾರ್ಥವಿಲ್ಲದಿದ್ದರೆ ಸಂತೆಯೇ ಕೂಡಲಾರದು. ಎರಡಾಣೆಯ ಉಳಿತಾಯವೂ ಮುಂಜಾವದ ಮಲ್ಲಿಗೆಯೂ ಅದರ ಫಲ. ಆದರೆ ಸರಿಯಾದ ಅಳತೆ, ಬಹಿರಂಗವಾದ ದರ, ಎಲ್ಲರಿಗೂ ತೆರೆದ ಬಾಗಿಲು, ಕಡಲಿಗೊಂದು ವಿರಾಮ, ದುಡಿಯುವವನಿಗೊಂದು ಆಸರೆ ಇವುಗಳನ್ನು ಸ್ವಾರ್ಥವು ಇತರರಿಂದ ಬಯಸುವುದು. ತನಗೆ ಮಾತ್ರ ರಿಯಾಯಿತಿ ಕೇಳುವುದು. ಆ ರಿಯಾಯಿತಿಯನ್ನು ಕೇಳದಿರುವ ಮನಸ್ಸು ಸ್ವಾರ್ಥದಿಂದ ಹುಟ್ಟುವುದಲ್ಲ. ಆದುದರಿಂದ ಸ್ವಾರ್ಥವು ಸಂತೆಯಲ್ಲಿ ಒಳ್ಳೆಯ ಆಳಾಗಿರಬಹುದು. ಅದನ್ನು ಯಜಮಾನನನ್ನಾಗಿ ಮಾಡಲಾಗದು.

ಈ ಮಾತು ಅಂಗಡಿಯವರಿಗೆ ಮಾತ್ರ ಸಲ್ಲುವುದೆಂದು ಗೃಹಸ್ಥರು ಭಾವಿಸಬಾರದು. ಸಂಜೆ ಬಾಗಿಲಿಗೆ ಬರುವ ಹೂವಿನವಳ ಬುಟ್ಟಿಯಲ್ಲಿ ಎರಡು ಮೊಳ ಉಳಿದಿರುವುದನ್ನು ಕಂಡು, ಬಾಡುವ ಹೊತ್ತಾಯಿತೆಂದು ಬೆಲೆಯನ್ನು ಅರ್ಧಕ್ಕಿಳಿಸುವ ನಾವೂ ಆ ಸಂತೆಯವರೇ. ಅವಳು ಎಣಿಸಿ ಕಟ್ಟಿದ ಮೊಗ್ಗುಗಳನ್ನು ನಾವು ಎಣಿಸದೆ ನಂಬುತ್ತೇವೆ. ನಾವು ಕೊಡುವ ಬೆಲೆಯೂ ಆ ನಂಬಿಕೆಗೆ ತಕ್ಕುದಾಗಿರಲಿ.